ಭಾರವಾಹನದ ಆಘಾತಶಾಮಕ ಉರುಳೆ

ಗಾಡಿಯ ಭಾರವನ್ನು ಹೊರುವುದು ಯಾವುದೆಂದು ತರಗತಿಯಲ್ಲಿ ಕೇಳಿದರೆ ‘ಚಕ್ರ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪಲ್ಲ; ಪೂರ್ಣವೂ ಅಲ್ಲ. ಚಕ್ರದ ಅಚ್ಚಿಗೂ ಗಾಡಿಯ ಚೌಕಟ್ಟಿಗೂ ನಡುವೆ ಏನಿದೆ ಎಂಬುದೇ ವಿಚಾರಾರ್ಹವಾದ ಸಂಗತಿ. ಹಳೆಯ ಎತ್ತಿನ ಗಾಡಿಯಲ್ಲಿ ಅಲ್ಲಿ ಏನೂ ಇರಲಿಲ್ಲ. ಕಲ್ಲನ್ನು ಹತ್ತಿಳಿದ ಚಕ್ರದ ಪೆಟ್ಟು ನೇರವಾಗಿ ಹಲಗೆಗೂ ಕುಳಿತವನ ಬೆನ್ನಿಗೂ ತಲಪುತ್ತಿತ್ತು. ಜಟಕಾ ಬಂಡಿಗೆ ಕಮಾನು ಬಂದಿತು. ನಲ್ಲೂರಿನ ಸುತ್ತಣ ತೋಟಗಳ ಅಡಕೆ ಮೂಟೆಗಳನ್ನು ಹೊತ್ತು ಸಾಗುವ ಲಾರಿಯ ಕೆಳಗೆ ಬಗ್ಗಿ ನೋಡಿದರೆ ಇಂದಿಗೂ ಸಾಮಾನ್ಯವಾಗಿ ಕಾಣುವುದು ಆ ಕಮಾನು ಪಟ್ಟಿಗಳ ಕಟ್ಟೇ.

ಇಂಗ್ಲಿಷಿನವರು ಈ ಏರ್ಪಾಟನ್ನು ‘ಸಸ್ಪೆನ್ಷನ್’ ಎನ್ನುತ್ತಾರೆ. ತೂಗುಹಾಕುವುದು ಎಂದು ಅದರ ಅರ್ಥ. ಯೂರೋಪಿನ ಹಳೆಯ ಸಾರೋಟುಗಳ ಪೆಟ್ಟಿಗೆಯನ್ನು ತೊಗಲಿನ ಪಟ್ಟಿಗಳಿಂದ ನಿಜವಾಗಿಯೂ ತೂಗುಹಾಕುತ್ತಿದ್ದರು. ಇಂದಿನ ಲಾರಿಯಾದರೋ ತೂಗುವುದಿಲ್ಲ, ಕುಳಿತಿರುತ್ತದೆ. ಆದುದರಿಂದ ಪದಕ್ಕೆ ಪದವಿಟ್ಟು ಅನುವಾದಿಸುವುದು ಸಮಂಜಸವಲ್ಲವೆಂದು ನನ್ನ ಅಭಿಪ್ರಾಯ. ‘ಆಘಾತಶಾಮಕ ಉರುಳೆ’ ಎಂದು ನಾನು ಬರೆಯುತ್ತೇನೆ. ಚಾಲಕರು ‘ಸಿಲಿಂಡರು’ ಎನ್ನುವುದಕ್ಕೂ ನನ್ನ ಆಕ್ಷೇಪವಿಲ್ಲ.

ಕಮಾನು ಪಟ್ಟಿಗೆ ಒಂದು ಮಿತಿಯಿದೆ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದೋಣಿಮಲೆಯಲ್ಲಿ 1977ರಿಂದ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದುಬಂದಿದೆ. ಇಂಥ ತೆರೆದ ಗಣಿಗಳಿಗೆ ಬೇಕಾದ ದೈತ್ಯ ಡಂಪರುಗಳನ್ನು 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯು ನಮ್ಮ ಮೈಸೂರಿನಲ್ಲಿಯೇ ನಿರ್ಮಿಸುತ್ತದೆ. 50 ಅಥವಾ 100 ಟನ್ ಹೊರುವ ಈ ವಾಹನಗಳ ಹಿಂದಿನ ಅಚ್ಚಿನ ಮೇಲೆ, ಬರಿದಾಗಿರುವಾಗ ಬೀಳುವ ಭಾರದ ಸುಮಾರು ಮೂರರಷ್ಟು ಭಾರ ತುಂಬಿದಾಗ ಬೀಳುವುದುಂಟು. ತುಂಬಿದ ಹೊರೆಗೆ ಸಾಲುವಷ್ಟು ಗಡುಸಾದ ಕಮಾನು ಬರಿಯ ವಾಹನವನ್ನು ಕುಣಿಸುತ್ತದೆ. ಬರಿಯ ವಾಹನಕ್ಕೆ ಹಿತವಾದ ಕಮಾನು ಹೊರೆ ಬಿದ್ದೊಡನೆ ಕುಸಿಯುತ್ತದೆ. ಈ ಇಕ್ಕಟ್ಟನ್ನು ಬಿಡಿಸಿದುದು ಎಣ್ಣೆ ಮತ್ತು ಅನಿಲಗಳನ್ನು ಒಟ್ಟಿಗೆ ತುಂಬಿದ ಉರುಳೆ.

ಟಿಪ್ಪರಿನ ಪೆಟ್ಟಿಗೆಯನ್ನು ಎತ್ತುವ ಉರುಳೆಯೊಂದಿಗೆ ಇದನ್ನು ಬೆರೆಸಬಾರದು. ಅಲ್ಲಿ ಪಂಪು ಹೊರಗಿನಿಂದ ಎಣ್ಣೆಯನ್ನು ನೂಕುತ್ತದೆ. ಇಲ್ಲಿ ಸಾಮಾನ್ಯವಾಗಿ ಎಲ್ಲವೂ ಒಳಗೇ ಮುಚ್ಚಿರುತ್ತದೆ. ಕೆಲಸದ ವೇಳೆಯಲ್ಲಿ ಏನೂ ಒಳಬರದು, ಹೊರಹೋಗದು. ಉರುಳೆಯ ಒಂದು ತುದಿ ಚೌಕಟ್ಟಿಗೆ, ಪಿಸ್ಟನ್ನಿನ ದಂಡ ಅಚ್ಚಿಗೆ. ಒಳಗೆ ಕೆಳಭಾಗದಲ್ಲಿ ಎಣ್ಣೆ, ಅದರ ಮೇಲೆ ಅಧಿಕ ಒತ್ತಡದ ಸಾರಜನಕ.

ಇಲ್ಲೊಂದು ಶಂಕೆ ಏಳಬೇಕು. ದ್ರವವನ್ನು ಹಿಸುಕಲು ಬಾರದೆಂದು ಪಾಠದಲ್ಲಿ ಓದಿದ್ದೇವಲ್ಲ, ಹಾಗಿದ್ದ ಮೇಲೆ ಎಣ್ಣೆಯ ಉರುಳೆ ಮಣಿಯುವುದೆಂತು? ಎಣ್ಣೆಯನ್ನಷ್ಟೇ ತುಂಬಿದ್ದರೆ ಅದು ಕಬ್ಬಿಣದ ಕಂಬದಂತೆಯೇ ಸೆಡೆದು ನಿಲ್ಲುತ್ತಿತ್ತು. ಮಣಿಯುವುದು ಅನಿಲ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ, ಉಷ್ಣತೆ ಬದಲಾಗದಿರುವಾಗ ಒತ್ತಡ ಎರಡರಷ್ಟಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ. ಬರಿಯ ವಾಹನದಲ್ಲಿ ಅನಿಲದ ಸ್ತಂಭ 30 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ಭಾರ ಎರಡರಷ್ಟಾದಾಗ ಅದು 15ಕ್ಕೆ ಇಳಿಯುತ್ತದೆ, ಮೂರರಷ್ಟಾದಾಗ 10ಕ್ಕೆ. ಮೊದಲ ಹೆಚ್ಚಳಕ್ಕೆ 15 ಸೆಂಟಿಮೀಟರ್ ಇಳಿದುದು, ಅಷ್ಟೇ ಭಾರದ ಎರಡನೆಯ ಹೆಚ್ಚಳಕ್ಕೆ 5 ಮಾತ್ರ ಇಳಿಯಿತು! ಹೊರೆ ಹೆಚ್ಚಿದಂತೆ ತಾನಾಗಿಯೇ ಬಿಗಿಯಾಗುವ ಈ ಗುಣವೇ ಉರುಳೆಯ ಜೀವಾಳ.

ಹಾಗಾದರೆ ಎಣ್ಣೆ ಏತಕ್ಕೆ? ಅನಿಲ ಒಂದೇ ಇದ್ದರೆ ಪುಟಚೆಂಡಿನಂತೆ ವಾಹನ ಕುಪ್ಪಳಿಸುತ್ತಲೇ ಇರುತ್ತದೆ. ಪಿಸ್ಟನ್ನಿನ ಬಳಿ ಕಿರುರಂಧ್ರಗಳೂ ಗುಂಡಿನ ಕವಾಟವೂ ಇರುತ್ತವೆ. ಚಕ್ರ ಉಬ್ಬನ್ನು ಹತ್ತಿ ದಂಡ ಒಳಸರಿದಾಗ ಗುಂಡು ಸರಿದು ಎಣ್ಣೆಗೆ ದಾರಿ ಬಿಡುತ್ತದೆ. ದಂಡ ಹೊರಚಾಚುವಾಗ ಗುಂಡು ಬಾಯಿ ಮುಚ್ಚುತ್ತದೆ; ಎಣ್ಣೆ ಕಿರುರಂಧ್ರದಿಂದ ಮಾತ್ರ ನುಸುಳಬೇಕು. ಆಘಾತದ ಶಕ್ತಿ ಆ ಪ್ರಯಾಸದಲ್ಲಿ ಶಾಖವಾಗಿ ವ್ಯಯವಾಗುತ್ತದೆ. ಅನಿಲ ಹೊರುತ್ತದೆ, ಎಣ್ಣೆ ಸಮಾಧಾನಪಡಿಸುತ್ತದೆ. ಎಣ್ಣೆಯಿಂದ ಸವೆತವೂ ಕಡಿಮೆ.

ದುರಸ್ತಿ ಮಾಡುವವರು ಹೊಳೆಯುವ ದಂಡ ಎಷ್ಟು ಹೊರಗಿದೆಯೆಂದು ಸಮತಟ್ಟಾದ ನೆಲದಲ್ಲಿ ಅಳೆಯುತ್ತಾರೆ. ಇಲ್ಲಿ ಮೋಸಹೋಗುವುದು ಸುಲಭ. ಎಣ್ಣೆ ಸೋರಿ, ಅದರ ಕೊರತೆಯನ್ನು ಅನಿಲದಿಂದ ತುಂಬಿದರೆ ಬರಿಯ ವಾಹನದಲ್ಲಿ ಅಳತೆ ಸರಿಯಾಗಿಯೇ ಕಾಣುತ್ತದೆ. ಆದರೆ ಅನಿಲದ ಸ್ತಂಭ ಉದ್ದವಾದುದರಿಂದ ಹೊರೆ ಬಿದ್ದಾಗ ದಂಡ ಮಿತಿಮೀರಿ ಇಳಿದು ಲೋಹ ಲೋಹಕ್ಕೆ ಬಡಿಯುತ್ತದೆ. ಚೌಕಟ್ಟು ಬಿರುಕುಬಿಡುವುದೂ ಚಾಲಕನ ಬೆನ್ನು ನೋಯುವುದೂ ಇಂಥ ಪೆಟ್ಟುಗಳಿಂದಲೇ. ಆದುದರಿಂದ ಬರಿದಾಗಿರುವಾಗಲೂ ತುಂಬಿರುವಾಗಲೂ ಅಳೆಯಬೇಕು. ಮೊದಲು ಎಣ್ಣೆಯ ಮಟ್ಟ, ಅನಂತರ ಅನಿಲ.

ಸಾರಜನಕವನ್ನೇ ಏಕೆ ಆರಿಸಿದರು? ಅದು ಎಣ್ಣೆಯೊಡನೆ ಉರಿಯದು. ಬೆಸುಗೆಯ ಕೆಲಸಕ್ಕೆಂದು ಪಕ್ಕದಲ್ಲೇ ಇರುವ ಆಮ್ಲಜನಕದ ಜಾಡಿಯನ್ನು ಅವಸರದಲ್ಲಿ ಜೋಡಿಸಿದರೆ, ಒತ್ತಡದ ಆಮ್ಲಜನಕ ಎಣ್ಣೆಯನ್ನು ಸೇರಿ ಸ್ಫೋಟವಾಗಬಲ್ಲುದು, ಪ್ರಾಣಕ್ಕೇ ಎರವು. ಉರುಳೆಯನ್ನು ಬಿಚ್ಚುವ ಮುನ್ನ ಚೌಕಟ್ಟಿಗೆ ಭದ್ರವಾದ ಆಸರೆ ಕೊಟ್ಟು, ಒಳಗಣ ಒತ್ತಡವನ್ನು ನಿಧಾನವಾಗಿ ಪೂರ್ತಿ ಇಳಿಸಬೇಕು. ಸೋರಿಕೆಯನ್ನು ಬೆರಳಾಡಿಸಿ ಹುಡುಕಲೇಬಾರದು. ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಆಗ ನೋವು ಕಾಣದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹುಡುಕಲು ಒಂದು ರಟ್ಟಿನ ಚೂರು ಸಾಕು.