ವೋಚರ್ ಹಿಡಿದು ಬಂದವರಿಗೆ ಮನೆ ಕೊಡಲೇ?

ಪ್ರಶ್ನೆ: ಕೂಡಿಟ್ಟ ದುಡ್ಡಿನಲ್ಲಿ ಇನ್ನೊಂದು ಮನೆ ಕೊಂಡು ಬಾಡಿಗೆಗೆ ಬಿಟ್ಟಿದ್ದೇವೆ. ಎರಡು ಮಕ್ಕಳ ತಾಯಿಯೊಬ್ಬರು ಸೆಕ್ಷನ್ 8 ವೋಚರ್ ಹಿಡಿದು ಬಂದಿದ್ದಾರೆ. ‘ಸರ್ಕಾರದ ದುಡ್ಡಲ್ಲಿ ಇರೋರು ಮನೆ ಹಾಳು ಮಾಡ್ತಾರೆ’ ಅಂತ ನೆಂಟರು ಹೆದರಿಸುತ್ತಿದ್ದಾರೆ. ಭಯವೂ ಇದೆ, ಹೀಗೆ ಭಯಪಟ್ಟೆನಲ್ಲಾ ಎಂಬ ನಾಚಿಕೆಯೂ ಇದೆ. ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಎಡಿಸನ್, ನ್ಯೂಜೆರ್ಸಿ

ಉತ್ತರ: ನಾಚಿಕೆಪಡಬೇಡಿ. ವರ್ಷಗಟ್ಟಲೆ ದುಡಿದು ಕೊಂಡ ಮನೆಯ ಬೀಗದಕೈಯನ್ನು ಗುರುತಿಲ್ಲದವರಿಗೆ ಕೊಡುವಾಗ ಯಾರಿಗಾದರೂ ಎದೆ ಢವಢವ ಎನ್ನುತ್ತದೆ.

ಆದರೆ ನಿಮ್ಮ ಭಯ ಆ ತಾಯಿಯದೋ, ವೋಚರ್ ಎಂಬ ಮಾತಿನದೋ? ಪತ್ರದ ಕೊನೆಯಲ್ಲಿ, ಇಲ್ಲಿ ಅಚ್ಚು ಮಾಡದ ಭಾಗದಲ್ಲಿ, ನೀವೇ ಬರೆದಿದ್ದೀರಿ: ಮೈಸೂರಿನಲ್ಲಿ ಮನೆ ಹುಡುಕುವಾಗ ‘ನೀವು ಯಾವ ಜನ?’ ಎಂದು ಕೇಳಿದವರು, ನಿಮ್ಮ ಉತ್ತರ ಕೇಳಿದ ಮೇಲೆ ‘ನಿನ್ನೆಯೇ ಕೊಟ್ಟಾಯ್ತು’ ಎಂದರಂತೆ. ‘ಮನೆ ಬಾಡಿಗೆಗಿದೆ’ ಬೋರ್ಡು ಮಾತ್ರ ಗೇಟಿನಲ್ಲಿ ಹಾಗೇ ನೇತಾಡುತ್ತಿತ್ತಂತೆ. ನಿಮ್ಮ ನಾಚಿಕೆಯ ಬೇರು ಅಲ್ಲಿರಬಹುದು ಅನ್ನಿಸುತ್ತದೆ ನನಗೆ.

ಇನ್ನು ವೋಚರ್ ವಿಷಯ. ಸೆಕ್ಷನ್ 8 ಎಂದರೆ ಕಡಿಮೆ ಆದಾಯದವರಿಗೆ ಅಮೆರಿಕ ಸರ್ಕಾರ ಕೊಡುವ ಬಾಡಿಗೆ ನೆರವು. 1974ರ ಕಾಯ್ದೆಯಿಂದ ಬಂದ ಈ ಯೋಜನೆಯಲ್ಲಿ ಕುಟುಂಬ ಸಾಮಾನ್ಯವಾಗಿ ತನ್ನ ಆದಾಯದ ಶೇ. 30ರಷ್ಟನ್ನು ಬಾಡಿಗೆಗೆ ಕೊಡುತ್ತದೆ. ಉಳಿದದ್ದನ್ನು ಹೌಸಿಂಗ್ ಅಥಾರಿಟಿ ನೇರವಾಗಿ ನಿಮಗೇ ಕಟ್ಟುತ್ತದೆ. ಆಕೆಯ ಸಂಬಳ ಕಡಿಮೆಯಾದರೆ ಲೆಕ್ಕ ಮತ್ತೆ ಹಾಕಿ ಅಥಾರಿಟಿ ತನ್ನ ಪಾಲು ಹೆಚ್ಚಿಸಬಹುದು. ಕರಾರು ಮುರಿದರೆ ವೋಚರ್ ಕೈತಪ್ಪೀತು ಎಂಬ ಅಂಜಿಕೆ ಅವರಿಗೂ ಇದೆ. ಎಷ್ಟೋ ಊರುಗಳಲ್ಲಿ ಅದು ಸಿಗಲು ವರ್ಷಗಟ್ಟಲೆ ಕಾಯಬೇಕು. ನೆಂಟರಿಗೆ ಇದು ಗೊತ್ತಿದ್ದಂತಿಲ್ಲ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ವೋಚರ್ ಇದೆ ಎಂಬ ಒಂದೇ ಕಾರಣಕ್ಕೆ ಮನೆ ಇಲ್ಲ ಎನ್ನುವುದು ನಿಮ್ಮ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ಹಾಗೆಂದು ಕಣ್ಣುಮುಚ್ಚಿ ಕೊಡಬೇಕಿಲ್ಲ. ಬೇರೆ ಅರ್ಜಿದಾರರನ್ನು ಏನು ವಿಚಾರಿಸುತ್ತೀರೋ ಅದನ್ನೇ ಇವರನ್ನೂ ವಿಚಾರಿಸಿ. ಹಿಂದಿನ ಮನೆ ಮಾಲೀಕರಿಗೆ ಫೋನ್ ಮಾಡಿ. ಅಥಾರಿಟಿಯವರು ತಪಾಸಣೆಗೆ ಬರುತ್ತಾರೆ: ಹೊಗೆ ಅಲಾರಂ, ಕಿಟಕಿ ಚಿಲಕ, ಎದ್ದ ಬಣ್ಣ ಎಲ್ಲ ನೋಡುತ್ತಾರೆ. ಅದಕ್ಕೆ ಮೊದಲೇ ರಿಪೇರಿ ಮುಗಿಸಿ, ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಒಪ್ಪಂದದ ಬಾಡಿಗೆಗಿಂತ ಒಂದು ಡಾಲರನ್ನೂ ಕೈಯಲ್ಲಿ ಇಸಿದುಕೊಳ್ಳಬೇಡಿ. ಕಾಗದಪತ್ರ ತಲೆಬಿಸಿ ಅನ್ನಿಸಿದರೆ ಬಾಡಿಗೆ ವ್ಯವಹಾರ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ. ಇಷ್ಟಾದ ಮೇಲೂ ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರ ಹೇಳಿಕೊಳ್ಳಿ.

ನೆಂಟರಿಗೆ ಜವಾಬು ಆಮೇಲೆ ಕೊಟ್ಟರಾಯಿತು. ಈ ಶನಿವಾರ ಆ ತಾಯಿಯನ್ನು ಮನೆ ನೋಡಲು ಕರೆಯಿರಿ.