ಮುಟ್ಟು ನಿಲ್ಲುವ ಕಾಲಕ್ಕೆ ಮನಸ್ಸಿನ ಮಾತ್ರೆ

ಆರ್.ಕೆ. ಶ್ರೀಕಂಠನ್ ಹುಟ್ಟಿದ ನಮ್ಮ ರುದ್ರಪಟ್ಟಣದಲ್ಲಿ, ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿಕೊಂಡಿರುವ ಈ ಊರಲ್ಲಿ, ರಾಗತಾಳದ ಬಗ್ಗೆ ಯಾರನ್ನಾದರೂ ಯಾವ ಹೊತ್ತಿನಲ್ಲಾದರೂ ಮಾತಿಗೆಳೆಯಬಹುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸಿನ ಮನಸ್ಸಿಗೆ ಏನಾಗುತ್ತದೆ ಎಂದರೆ ಮಾತ್ರ ಹೊಳೆ ಮೆಟ್ಟಿಲ ಮೇಲೆ ಕೂತವರೂ ಮಾತು ತಿರುಗಿಸುತ್ತಾರೆ. "ಎಲ್ಲರಿಗೂ ಆಗೋದೇ, ಸುಮ್ನಿರು" ಅನ್ನುವುದು ನಾನು ಕೇಳುತ್ತಾ ಬಂದ ಉತ್ತರ.

ನಲವತ್ತೈದು ದಾಟಿದ ಮೇಲೆ ನನಗೆ ಮುಟ್ಟು ಹಿಂದೆಮುಂದೆ ಆಗತೊಡಗಿತು. ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಿರುವಾಗಲೇ ಎದೆಯಿಂದ ಕುತ್ತಿಗೆಗೆ ಬಿಸಿ ಏರಿ, ರವಿಕೆಯ ಬೆನ್ನೆಲ್ಲ ಒದ್ದೆ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಶ್ರುತಿಪೆಟ್ಟಿಗೆ ಹಾಕಿದರೆ ಅದರ ಸದ್ದೇ ಬೇಡವೆನಿಸುತ್ತಿತ್ತು. ಅಳುವೂ ಬರುತ್ತಿರಲಿಲ್ಲ, ಯಾವುದೂ ಬೇಕೆನಿಸುತ್ತಿರಲಿಲ್ಲ.

ಹಾಸನದಲ್ಲಿ ನರ್ಸ್ ಆಗಿರುವ ನನ್ನ ನಾದಿನಿ, "ಅತ್ತಿಗೆ, ಡಾಕ್ಟ್ರ ಹತ್ರ ಹೋಗೋಣ. ಅಲ್ಲೀತನಕ ಕ್ಯಾಲೆಂಡರಲ್ಲಿ ಬರ್ಕೊಳಿ" ಎಂದಳು. ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಯ ಪಕ್ಕದಲ್ಲೇ ಕೆಂಪು ಪೆನ್ನಿನಿಂದ ಮುಟ್ಟಿಗೆ 'ಮು', ನಿದ್ದೆಗೆಟ್ಟ ರಾತ್ರಿಗೆ 'ನಿ', ಮೈ ಬಿಸಿಯೇರಿದರೆ 'ಬಿ', ಮನಸ್ಸು ಮುದುಡಿದ ದಿನಕ್ಕೆ ಒಂದು ಅಡ್ಡಗೆರೆ. ಹಾಸನದ ಡಾಕ್ಟರಮ್ಮ ಆ ಹಾಳೆಗಳನ್ನು ಒಂದೊಂದಾಗಿ ತಿರುವಿ, ಮುಟ್ಟು ತಡವಾದಾಗಲೆಲ್ಲ ಅಡ್ಡಗೆರೆಗಳು ಒತ್ತೊತ್ತಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದ ಮೇಲೆಯೇ ಔಷಧಿಯ ಮಾತು. ಥೈರಾಯ್ಡ್ ಏರುಪೇರಾದರೂ ರಕ್ತ ಕಡಿಮೆಯಾದರೂ ಸುಸ್ತು, ಬೇಸರ ಹೀಗೇ ಇರುತ್ತದಂತೆ.

ಈಸ್ಟ್ರೋಜನ್ ಹಾರ್ಮೋನು ಈ ವಯಸ್ಸಿನಲ್ಲಿ ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಏರಿ, ಇನ್ನೊಂದು ತಿಂಗಳು ಕುಸಿಯುತ್ತದೆ. ಮಿದುಳಿನಲ್ಲಿ ಮನಸ್ಸಿನ ಹದ ಕಾಯುವ ಸೆರೊಟೋನಿನ್‌ಗೂ ಅದಕ್ಕೂ ನಂಟಿದೆ. ಹಾಗಾಗಿ 12 ತಿಂಗಳು ಮುಟ್ಟಿಲ್ಲದೆ ಕಳೆದು ಪೂರ್ತಿ ನಿಂತಿತು ಎನ್ನುವುದಕ್ಕಿಂತ ಮುಂಚಿನ ವರ್ಷಗಳೇ ಹೆಚ್ಚು ಕಷ್ಟದವು. ಹಿಂದೆ ಖಿನ್ನತೆ ಬಂದಿದ್ದವರಿಗೆ, ಬಾಣಂತನದಲ್ಲಿ ಮನಸ್ಸು ಕೆಟ್ಟಿದ್ದವರಿಗೆ ಈಗ ಮರುಕಳಿಸುವ ಸಂಭವ ಜಾಸ್ತಿ. ನನ್ನ ಮೊದಲ ಬಾಣಂತನದ ದಿನಗಳನ್ನು ಡಾಕ್ಟರಮ್ಮ ಕೆದಕಿ ಕೇಳಿದ್ದು ಯಾಕೆಂದು ಆಗ ತಿಳಿಯಿತು.

ನನಗೆ ಬರೆದದ್ದು ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ. ಮೊದಲ ವಾರ ಹೊಟ್ಟೆ ತೊಳೆಸುತ್ತಿತ್ತು, ಏನೋ ಚಡಪಡಿಕೆ. ಮಾತ್ರೆ ಹಿಡಿಯಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು ಎಂದು ಮೊದಲೇ ಹೇಳಿ ಕಳಿಸಿದ್ದರಿಂದ ತಾಳಿಕೊಂಡೆ. ಇಷ್ಟನ್ನು ಯಾರೂ ಹೇಳದಿದ್ದರೆ ಮೊದಲ ಚೀಟಿಯೇ ಎಷ್ಟೋ ಹೆಂಗಸರಿಗೆ ಕೊನೆಯ ಚೀಟಿಯಾಗುತ್ತದೆ. ಬರಬರುತ್ತಾ ನಿದ್ದೆ ಕೂಡಿಬಂತು, ಮೈ ಬಿಸಿಯೂ ತಗ್ಗಿತು. ಈ ಜಾತಿಯ ಕೆಲವು ಮಾತ್ರೆಗಳು ಅದನ್ನೂ ತಗ್ಗಿಸುತ್ತವೆ. ಅಮೆರಿಕದಲ್ಲಿ 2013ರಲ್ಲಿ 7.5 ಮಿಲಿಗ್ರಾಂ ಪ್ಯಾರಾಕ್ಸಿಟೀನ್‌ಗೆ ಅನುಮತಿ ಕೊಟ್ಟಿದ್ದೇ ಈ ಬಿಸಿಗಾಗಿ. ಕೆಲವರಿಗೆ ಇದೇ ಮಾತ್ರೆಗಳಿಂದ ಬೆವರು ಹೆಚ್ಚುವುದೂ, ಗಂಡಹೆಂಡಿರ ಸುಖದಲ್ಲಿ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೆ ಬಿಟ್ಟು ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

ಹಾರ್ಮೋನನ್ನೇ ಕೊಟ್ಟರಾಗದೇ ಎಂದು ಕೇಳಿದೆ. ಬಿಸಿ, ಬೆವರು, ನಿದ್ದೆಗೇಡಿಗೆ ಅದು ಒಳ್ಳೆಯ ಔಷಧಿ. ಅದರ ಜೊತೆ ಮನಸ್ಸೂ ಹಗುರಾಗಬಹುದು. ಆದರೆ ಖಿನ್ನತೆ ಗಟ್ಟಿಯಾಗಿ ಕೂತಿದ್ದರೆ ಅದೊಂದನ್ನೇ ನೆಚ್ಚಲಾಗದು, ಬೇಕಾದರೆ ಎರಡನ್ನೂ ಜೊತೆಗೇ ಕೊಡುತ್ತಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬೇಕೇ ಬೇಕು. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದಿಲ್ಲ. ನಮ್ಮ ಚಿಕ್ಕಮ್ಮ ಆ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ನುಂಗುತ್ತಾರೆ. ಪ್ಯಾರಾಕ್ಸಿಟೀನ್, ಫ್ಲುಆಕ್ಸಿಟೀನ್ ಆ ಔಷಧಿಯ ಬಲ ಕುಗ್ಗಿಸಬಹುದು, ಆದ್ದರಿಂದ ಅವರಿಗೆ ವೆನ್ಲಾಫಾಕ್ಸಿನ್ ಬರೆದರು. ಅಕ್ಕಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ಕೊಳ್ಳಬಾರದು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

"ಹುಚ್ಚಿನ ಮಾತ್ರೆ, ಚಟವಾಗುತ್ತೆ" ಎಂದು ನನಗೂ ಹೇಳಿದವರಿದ್ದಾರೆ. ಇದು ಚಟ ಹಿಡಿಸುವ ಔಷಧಿಯಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆ ತಿರುಗುವುದು, ಸಿಡುಕು, ಜುಮುಗುಡುವುದು ಎಲ್ಲ ಬರುತ್ತವೆ. ನಿಲ್ಲಿಸುವುದಿದ್ದರೆ ಡಾಕ್ಟರ ಲೆಕ್ಕದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ನಮ್ಮ ಸೀಮೆಯ ಅಕ್ಕತಂಗಿಯರಲ್ಲಿ ಒಂದು ಬಿನ್ನಹ. ಎರಡು ವಾರ ಕಳೆದರೂ ಮನಸ್ಸು ಎದ್ದೇಳದಿದ್ದರೆ ಕಾಯಬೇಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಮಂಗಳವಾರ ಮನೋವೈದ್ಯರ ತಪಾಸಣೆ ಇಟ್ಟಿದ್ದಾರೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗಲಾಗದವರು, ಬದುಕೇ ಬೇಡವೆನಿಸಿದವರಂತೂ ತಡಮಾಡದೆ, ಟೆಲಿಮಾನಸ್‌ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲುರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.