“ಇದು ಮೋರಿ ನೀರಿನ ಸೊಪ್ಪಾ?” ಅಂತ ಕೇಳಿದರೆ ಏನು ಹೇಳೋದು?

ಮಾಗಡಿ ಕಡೆಯ ನಮ್ಮ ತೋಟದ ಸಾವಯವ ಸೊಪ್ಪನ್ನು ಓಕಳಿಪುರಂನ ಒಂದು ಬೀದಿಗೆ ತಂದು ಮಾರಲು ಆಗಷ್ಟೇ ಶುರು ಮಾಡಿದ್ದೆ. ವಯಸ್ಸಾದ ಅಮ್ಮ ಒಬ್ಬರು ದಂಟಿನ ಕಟ್ಟು ತಿರುಗಿಸಿ ನೋಡಿ, “ಏನಪ್ಪಾ, ಮೋರಿ ನೀರಲ್ಲಿ ಬೆಳೆದಿದ್ದಲ್ಲ ತಾನೆ?” ಅಂದರು. ನನಗೆ ಸಿಟ್ಟು ಬಂತು. “ಬೇಡಾಂದ್ರೆ ಬಿಡಿ ಅಮ್ಮ” ಅಂದುಬಿಟ್ಟೆ. ಮುಂದಿನ ವಾರ ಅವರಷ್ಟೇ ಅಲ್ಲ, ಅವರ ಸಾಲಿನ ಮನೆಯವರು ಯಾರೂ ಬರಲಿಲ್ಲ. ಅರ್ಧ ಸೊಪ್ಪು ವಾಪಸ್ ತಂದು ಗೊಬ್ಬರದ ಗುಂಡಿಗೆ ಹಾಕಿದೆ.

ಪ್ರಶ್ನೆ ಸರಿಯಾಗಿಯೇ ಇತ್ತು

ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ವೃಷಭಾವತಿ ಸೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಆ ನೀರು ನಂಬಿ ಬೆಳೆ ತೆಗೆಯುವ ರೈತರಿದ್ದಾರೆ. ಹಾಗಾಗಿ ಗ್ರಾಹಕರ ಭಯ ಸುಳ್ಳಲ್ಲ. ಆದರೆ ನೀರು ಕೆಡಿಸಿದ್ದು ಆ ರೈತರಲ್ಲ, ನಗರದ ಮನೆಗಳು ಮತ್ತು ಕಾರ್ಖಾನೆಗಳು. ಇದನ್ನು ಹೇಳಬೇಕು, ಆದರೆ ಮೊದಲು ನಮ್ಮ ಲೆಕ್ಕ ಕೊಟ್ಟು ಆಮೇಲೆ ಹೇಳಬೇಕು.

ನಾನು ಮಾಡಿದ್ದು

1. ನೀರಿನ ಪರೀಕ್ಷೆ: ನಮ್ಮದು ಬೋರ್‌ವೆಲ್ ನೀರು. ಬರೀ ಪಿಎಚ್, ಉಪ್ಪಿನಂಶದ ವರದಿ ಈ ಪ್ರಶ್ನೆಗೆ ಉತ್ತರವಲ್ಲ. ಇ-ಕೋಲಿ ಮತ್ತು ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಿ. ವರದಿಯ ಪ್ರತಿಯನ್ನು ತಕ್ಕಡಿ ಪಕ್ಕದಲ್ಲೇ ಇಟ್ಟೆ.

2. ಕೆಟ್ಟ ಸುದ್ದಿ ಮೊದಲು: ಹುಳು ಬಿದ್ದ ವಾರ ಹಿಂದಿನ ರಾತ್ರಿಯೇ ವಾಟ್ಸಾಪಲ್ಲಿ ಫೋಟೋ ಹಾಕುತ್ತೇನೆ: “ಎಲೆ ತೂತಾಗಿದೆ, ಬೇವಿನ ಬೀಜದ ಕಷಾಯ ಹೊಡೆದಿದ್ದೇನೆ, ಬೆಲೆ ಕಡಿಮೆ.” ಅವರು ಕಂಡುಹಿಡಿದರೆ ಮೋಸ, ನಾವೇ ಹೇಳಿದರೆ ಮಾಹಿತಿ.

3. ಪಿಜಿಎಸ್ ಗುಂಪು: ಕನಿಷ್ಠ 5 ರೈತರು ಸೇರಿ ಪಿಜಿಎಸ್-ಇಂಡಿಯಾ ಗುಂಪು ಮಾಡಬಹುದು. ಒಬ್ಬರ ತೋಟ ಇನ್ನೊಬ್ಬರು ಪರಿಶೀಲಿಸುತ್ತಾರೆ. ಪರಿವರ್ತನೆಯ ಹಂತದಲ್ಲಿ ಪಿಜಿಎಸ್-ಗ್ರೀನ್, ಅದು ಮುಗಿದ ಮೇಲೆ ಪಿಜಿಎಸ್-ಆರ್ಗ್ಯಾನಿಕ್. ಪರಿಶೀಲನೆಯ ದಿನ ಗ್ರಾಹಕರನ್ನೂ ಕರೆಯಿರಿ.

4. ತೋಟಕ್ಕೆ ಕರೆಯುವುದು: ಒಂದು ಭಾನುವಾರ ಏಳು ಜನ ಬಂದರು. ಕಳೆ ಕೀಳಲು ಕೂತವರು ಅರ್ಧ ಗಂಟೆಗೇ ಸೊಂಟ ಹಿಡಿದುಕೊಂಡು ಎದ್ದರು. ಆಮೇಲೆ ಕಟ್ಟಿಗೆ ಐದು ರೂಪಾಯಿ ಇಳಿಸು ಅಂತ ಅವರು ಕೇಳಿಲ್ಲ.

ಆ ಅಮ್ಮನೂ ಬಂದಿದ್ದರು. ಹಿಂದಿನ ಮಾತಿಗೆ ಕ್ಷಮೆ ಕೇಳಿದೆ. ಅವರು ಬೋರ್‌ವೆಲ್ ನೀರು ಕುಡಿದು ನೋಡಿ, “ಹಾಗಾದ್ರೆ ನಮ್ಮನೆ ಬಚ್ಚಲ ನೀರು ಯಾರ ಹೊಲಕ್ಕೆ ಹೋಗುತ್ತಪ್ಪಾ?” ಅಂದರು. ಬೈರಮಂಗಲದ ವಿಷಯ ಆಗ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು.

ಈ ವಾರದ ಕೆಲಸ

ನಿಮ್ಮ ಗ್ರಾಹಕರು ಪದೇ ಪದೇ ಕೇಳುವ, ನಿಮಗೆ ಸಿಟ್ಟು ಬರಿಸುವ ಒಂದು ಪ್ರಶ್ನೆ ಬರೆದಿಡಿ. ಅದಕ್ಕೆ ತೋರಿಸಬಹುದಾದ ಉತ್ತರ, ಅಂದರೆ ಒಂದು ವರದಿ, ಫೋಟೋ ಅಥವಾ ಬಿಲ್ಲು, ಮೊಬೈಲಲ್ಲಿ ಇಟ್ಟುಕೊಂಡು ಸಂತೆಗೆ ಹೋಗಿ.